ಎರಡನೆಯ ಪೆಟ್ಟಿಗೆ ಕೊನೆಗೂ ಬಿಸಿಯಾಯಿತು

ಇಂದು ಬೆಳಿಗ್ಗೆ ನಮ್ಮ ಕಾಂಪೋಸ್ಟ್ ಗೊಬ್ಬರದ ಎರಡನೆಯ ಪೆಟ್ಟಿಗೆಯ ಕಾವು 58 ಡಿಗ್ರಿ ಸೆಲ್ಸಿಯಸ್. ನಂಬಿಕೆ ಬರಲಿಲ್ಲ. ತಾಪಮಾಪಕದ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಇನ್ನೊಂದು ಮೂಲೆಯಲ್ಲಿ ಚುಚ್ಚಿದೆ. 56. ಐದು ವಾರಗಳಿಂದ 27ರ ಆಸುಪಾಸಿನಲ್ಲಿ ಮುಷ್ಕರ ಹೂಡಿ ಕುಳಿತಿದ್ದ ಹಸಿಕಸದ ರಾಶಿ ಇದು, ಕೊಳೆಯುತ್ತ ತಾನೇ ಬಿಸಿಯಾಗಬೇಕಾದದ್ದು.

ಬಡಾವಣೆಯ ಸಂಘದ ಸಭೆಯಲ್ಲಿ ಒಪ್ಪಿಗೆ ಪಡೆದದ್ದು, ಪೆಟ್ಟಿಗೆ ಕಟ್ಟಿದ್ದು, ಮನೆಮನೆಗೆ ಬಕೆಟ್ ಹಂಚಿದ್ದು ಇತ್ಯಾದಿಗಳನ್ನು ಬಿಟ್ಟುಬಿಡುತ್ತೇನೆ. ಈ ಹುಚ್ಚು ಹತ್ತಿಸಿಕೊಂಡವರಿಗೆ ಅದೆಲ್ಲ ಗೊತ್ತೇ ಇದೆ. ಮೂರು ಪೆಟ್ಟಿಗೆಗಳು, ಪ್ರತಿಯೊಂದೂ ಒಂದು ಘನ ಮೀಟರ್. ಅದಕ್ಕಿಂತ ಚಿಕ್ಕದಾದರೆ ರಾಶಿ ತನ್ನ ಕಾವನ್ನು ತಾನು ಹಿಡಿದಿಟ್ಟುಕೊಳ್ಳುವುದು ಕಷ್ಟ. ಮೊದಲನೆಯದು ಒಂದು ಮಾತೂ ಆಡದೆ ಬಿಸಿಯಾಗಿ, ತಣಿದು, ಈಗ ಗೋಣಿತಟ್ಟು ಹೊದ್ದು ಮಾಗುತ್ತಿದೆ. ನಾವು ಪರಿಣತರೆಂದು ನಮಗೆ ಅನ್ನಿಸಿದ್ದೇ ಅದರಿಂದ.

ಎರಡನೆಯದು ಎರಡೇ ವಾರಕ್ಕೆ ಕೊಳೆತ ಮೊಟ್ಟೆಯಂತೆ ನಾರತೊಡಗಿತು. ಮೂಗು ಸುಡುವ ಅಮೋನಿಯಾ ವಾಸನೆಯಾಗಿದ್ದರೆ ಸಾರಜನಕ ಹೆಚ್ಚಾಗಿದೆ ಎಂದುಕೊಂಡು ಒಣ ಎಲೆ ಸುರಿದು ಕೈತೊಳೆದುಕೊಳ್ಳಬಹುದಿತ್ತು. ಕೊಳೆತ ಮೊಟ್ಟೆ ಎಂದರೆ ಒಳಗೆ ಗಾಳಿಯಿಲ್ಲ, ನೀರು ತುಂಬಿದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿದೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕಾದಲ್ಲಿ ಕಂದು ನೀರು ಮೊಣಕೈವರೆಗೆ ಇಳಿಯಿತು.

ನೀರು ಎಲ್ಲಿಂದ ಬಂತು? ಮೊದಲ ಅನುಮಾನ ತರಕಾರಿ ಸಿಪ್ಪೆಯ ಮೇಲೆ. ಒಣ ಪದಾರ್ಥ ಹೆಚ್ಚಿಸೋಣವೆಂದು ಮರದ ಹೊಟ್ಟು ತರಿಸಿದೆ. ಹೊಟ್ಟು ಸರಬರಾಜು ಮಾಡುವವರ ಬಗ್ಗೆ ನಾನು ಬರೆಯತೊಡಗಿದರೆ ಈ ಪುಟ ಸಾಲದು. ಮೊದಲ ಸಲ ಬಂದ ಚೀಲಗಳು ಮೇಲೆ ಒಣಗಿ, ತಳದಲ್ಲಿ ತೊಟ್ಟಿಕ್ಕುತ್ತಿದ್ದವು. ಎರಡನೆಯ ಸಲ ಬಂದದ್ದು ಅಂಟು ಬೆರೆತ ಪ್ಲೈವುಡ್ ಪುಡಿ. ಹಿಂದಿರುಗಿಸಲು ಹೋದರೆ "ಅದೂ ಮರವೇ ಅಲ್ಲವೇ ಸ್ವಾಮಿ?" ಎಂಬ ತತ್ವಜ್ಞಾನ. ಮೂರನೆಯ ಸಲ ಸರಿಯಾದ ಹೊಟ್ಟೇ ಬಂತು, ರಾಶಿ ಇನ್ನೂ ಕೆಟ್ಟಿತು. ತಪ್ಪು ನನ್ನದೇ. ರಾಶಿಗೆ ಬೇಕಾದ ಇಂಗಾಲ-ಸಾರಜನಕ ಅನುಪಾತ 25ರಿಂದ 30ಕ್ಕೆ ಒಂದು. ಮರದ ಹೊಟ್ಟಿನದು ಹಲವು ನೂರಕ್ಕೆ ಒಂದು, ಇಂಗಾಲವೇ ಇಂಗಾಲ. ಸಾಲದ್ದಕ್ಕೆ ಆ ನುಣುಪು ಪುಡಿ ನೀರು ಕುಡಿದು ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿ, ಉಳಿದಿದ್ದ ಚೂರುಪಾರು ಗಾಳಿಯ ದಾರಿಯನ್ನೂ ಮುಚ್ಚಿತು.

ಮುಂದಿನ ಅನುಮಾನ ಮುಚ್ಚಳದ ಮೇಲೆ. ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ತಲೆ ತೂರಿಸಿ ಅರ್ಧ ಗಂಟೆ ಕಾದೆ. ಒಂದು ಹನಿಯೂ ಸೋರಲಿಲ್ಲ. ನಾಯಿ ಹಿಡಿದುಕೊಂಡು ಬಂದ ಪಕ್ಕದ ಬೀದಿಯವರೊಬ್ಬರು ನನ್ನನ್ನು ನೋಡಿ, ಏನೂ ಕೇಳದೆ, ದಾರಿ ಬದಲಿಸಿದರು.

ಗುಟ್ಟು ರಟ್ಟಾದದ್ದು ತಾಪಮಾಪಕವನ್ನು ಮರೆತು ಬಂದ ಸಂಜೆ. ತರಲು ಹೋದಾಗ ನಿವೃತ್ತ ಶಿಕ್ಷಕಿಯೊಬ್ಬರು ಮುಚ್ಚಳ ಎತ್ತಿ, ಗಿಡಕ್ಕೆ ನೀರುಣಿಸುವ ಡಬ್ಬಿಯಿಂದ ರಾಶಿಯ ನಾಲ್ಕೂ ಮೂಲೆಗೆ ಶ್ರದ್ಧೆಯಿಂದ ನೀರು ಚಿಮುಕಿಸುತ್ತಿದ್ದರು. "ಬೋರ್ಡಿನಲ್ಲೇ ಬರೆದಿದೆಯಲ್ಲ, ತೇವ ಆರದಂತೆ ನೋಡಿಕೊಳ್ಳಿ ಎಂದು" ಎಂದರು. ಬರೆದಿತ್ತು. ಅಕ್ಷರ ನನ್ನದೇ. ಮೊದಲ ಪೆಟ್ಟಿಗೆ ತುಂಬಿದ ಮೇಲೆ, ಗೆದ್ದ ಉತ್ಸಾಹದಲ್ಲಿ ಬರೆದು ತೂಗುಹಾಕಿದ ಬೋರ್ಡು.

ವಿಚಾರಿಸಿದರೆ ಅವರೊಬ್ಬರೇ ಅಲ್ಲ. ಬೆಳಗಿನ ನಡಿಗೆಯವರು ಒಬ್ಬರು ದಿನಕ್ಕೆ ಒಂದು ಮಗ್, ಮಧ್ಯಾಹ್ನ ಹುಡುಗನೊಬ್ಬ ಅರ್ಧ ಬಕೆಟ್. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದು. ಮೂವರ ಹೆಸರೂ ಪಾಳಿ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ನಿಯಮಿತವಾಗಿ ಬರುತ್ತಿದ್ದವರು ನಾಲ್ವರು. ಸಭೆಯಲ್ಲಿ ಕೈಯೆತ್ತಿದವರು ಬರಲಿಲ್ಲ, ಕೈಯೆತ್ತದವರು ದಿನಕ್ಕೆ ಮೂರು ಸಲ ಬಂದು ರಾಶಿಯನ್ನು ಮುಳುಗಿಸಿದರು!

"ದಯವಿಟ್ಟು ನೀರು ಹಾಕಬೇಡಿ" ಎಂದು ಬರೆಯಲು ಸೀಮೆಸುಣ್ಣದ ಕಡ್ಡಿ ಎತ್ತಿಕೊಂಡವನು ಹಾಗೇ ಇಳಿಸಿದೆ. ಹೇಳದೆ ಕೇಳದೆ ಕೆಲಸಕ್ಕೆ ಬಂದವರನ್ನು ಬೋರ್ಡು ತೋರಿಸಿ ಮನೆಗೆ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ಮರುದಿನ ಶಿಕ್ಷಕಿಯ ಬಳಿ ಹೋಗಿ ತೇವಾಂಶದ ಪೂರ್ಣ ಅಧಿಕಾರವನ್ನು ಅವರಿಗೇ ವಹಿಸಿದೆ: ಹಿಂಡಿ ನೋಡುವುದು, ಪುಸ್ತಕದಲ್ಲಿ ಬರೆಯುವುದು, ನೀರು ಬೇಕೋ ಬೇಡವೋ ತೀರ್ಮಾನಿಸುವುದು. ಅವರನ್ನು ಕೇಳದೆ ನಾನೂ ಒಂದು ಹನಿ ಹಾಕುವಂತಿಲ್ಲ. ನಡಿಗೆಯವರಿಗೆ ಒಣ ಎಲೆ ಸಂಗ್ರಹದ ಕೆಲಸ. ಹುಡುಗನ ಕೈಗೆ ಕವಲುಗೋಲು ಕೊಟ್ಟೆವು; ರಾಶಿ ತಿರುವಿ ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಆಮೇಲೆ ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿದೆವು. ಆ ಭಾನುವಾರದ ವಾಸನೆಯ ವರ್ಣನೆ ಬೇಡ. ತಳಕ್ಕೆ ಒಂದು ಗೇಣು ಒಣ ರೆಂಬೆ, ಅದರ ಮೇಲೆ ಹಳೆಯ ಸರಕನ್ನೇ ಒಣ ಎಲೆಯೊಂದಿಗೆ ಬೆರೆಸಿ ಸಡಿಲವಾಗಿ ತುಂಬಿದೆವು. ನಾಲ್ಕನೆಯ ದಿನ 41. ಇಂದು 58. 55ರ ಮೇಲೆ ಮೂರು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ. ಬಳಿಕ ಹೊರಗಿನದು ಒಳಗೆ ಬರುವಂತೆ ತಿರುವಬೇಕು. 65 ದಾಟಿದರೆ ಇನ್ನೂ ಮೊದಲೇ.

ಈ ನಡುವೆ ಮಳೆನೀರು ಹಿಡಿಯಲು ಸಂಘದ ಕೊಠಡಿಯ ಚಾವಣಿ ನನ್ನ ಕಣ್ಣಿಗೆ ಬಿದ್ದಿದೆ. ಸುಮಾರು 100 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 100 ಲೀಟರ್ ನೀರು. ಮೊದಲ ಒಂದು ಮಿಲಿಮೀಟರಿನ ಕೊಳೆನೀರನ್ನು ಬೇರೆ ಮಾಡಬೇಕು. ಆ ನೂರು ಲೀಟರನ್ನು ಕೊಳವೆಯಲ್ಲೇ ಹಿಡಿದಿಡೋಣವೆಂದರೆ, ಒಳವ್ಯಾಸ 110 ಮಿಲಿಮೀಟರ್ ಇರುವ ಕೊಳವೆ ಮೀಟರಿಗೆ ಒಂಬತ್ತೂವರೆ ಲೀಟರ್ ಹಿಡಿಯುತ್ತದೆ, ಅಂದರೆ ಹತ್ತು ಮೀಟರಿಗೂ ಹೆಚ್ಚು ಕೊಳವೆ ಬೇಕು. ಪೀಪಾಯಿಯೇ ವಾಸಿ. ಪೀಪಾಯಿ ಮಾರುವವರ ಮೇಲೆ ಈಗಲೇ ಒಂದು ದೂರು ಸಿದ್ಧವಿದೆ, ಅದು ಮುಂದಿನ ಸಲಕ್ಕೆ. ಬೋರ್ಡು ಬರೆಯುವವನು ಮಾತ್ರ ನಾನಲ್ಲ.

ಸಂಜೆ ಪುಸ್ತಕ ತೆರೆದು ನೋಡಿದೆ. ನಾನು ಅವಸರದಲ್ಲಿ ಬರೆದಿದ್ದ "ಉಷ್ಟತೆ 58" ಎಂಬುದರ ಒತ್ತಕ್ಷರವನ್ನು ಕೆಂಪು ಶಾಯಿಯಲ್ಲಿ ತಿದ್ದಲಾಗಿತ್ತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ: "ಹಿಂಡಿದರೆ ಒಂದು ಹನಿ. ನೀರು ಬೇಡ."