ಬಿಸಿಗಾಳಿ ಎಂಜಿನ್: ಜ್ವರ ಇಳಿಸಿದ ಮೇಲೆ ಓಡಿತು

ಮೊದಲ ವಾರ

ಬಿಸಿಗಾಳಿಯಿಂದ ಓಡುವ ಎಂಜಿನ್ ಮಾಡುವ ಈ ಹುಚ್ಚು ಶುರುವಾಗಿದ್ದು ಗೋಲಿಯಿಂದ. ಒಂದು ಟೆಸ್ಟ್ ಟ್ಯೂಬ್, ಅದರೊಳಗೆ ಐದು ಗೋಲಿ, ಬಾಯಿಗೆ ರಬ್ಬರ್ ಬಿರಡೆ, ಅಲ್ಲಿಂದ ಸಣ್ಣ ಪೈಪು, ಪೈಪಿನ ತುದಿಗೆ ಗಾಜಿನ ಸಿರಿಂಜ್. ಟ್ಯೂಬನ್ನು ನಡುವೆ ಕಟ್ಟಿ ಏತದ ಮರದ ಹಾಗೆ ತೂಗಾಡಲು ಬಿಟ್ಟೆ. ಬಿರಡೆಯ ಕಡೆ ಕೆಳಗೆ ಸಿರಿಂಜ್ ನಿಂತಿದೆ. ಮುಚ್ಚಿದ ತುದಿಯ ಕೆಳಗೆ ಸ್ಪಿರಿಟ್ ದೀಪ.

ಗೋಲಿಗಳು ಬಿರಡೆಯ ಕಡೆ ಇದ್ದಾಗ ಗಾಳಿ ಬಿಸಿ ತುದಿಗೆ ಹೋಗುತ್ತದೆ, ಹಿಗ್ಗುತ್ತದೆ, ಸಿರಿಂಜಿನ ಪಿಸ್ಟನ್ ಟ್ಯೂಬನ್ನು ಮೇಲೆತ್ತುತ್ತದೆ. ಗೋಲಿಗಳು ಗಡಗಡ ಅಂತ ಬಿಸಿ ಕಡೆಗೆ ಉರುಳುತ್ತವೆ. ಈಗ ಗಾಳಿಗೆ ತಣ್ಣಗಿನ ಕಡೆ ಬಿಟ್ಟು ಬೇರೆ ಜಾಗ ಇಲ್ಲ. ಅಲ್ಲಿ ಕುಗ್ಗುತ್ತದೆ, ಪಿಸ್ಟನ್ ಇಳಿಯುತ್ತದೆ, ಗೋಲಿ ವಾಪಸ್. ಅಷ್ಟೇ ಎಂಜಿನ್! ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುವುದಿಲ್ಲ.

ಮೂರನೇ ಸಂಜೆ ಗೋಲಿ ಬಡಿದು ಬಿಸಿ ತಳ ಟಪ್ಪೆಂದು ಒಡೆಯಿತು. ತಪ್ಪು ನನ್ನದೇ, ತಳದಲ್ಲಿ ಚಿಟಿಕೆ ಸ್ಟೀಲ್ ವೂಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಇಟ್ಟಿರಲಿಲ್ಲ. ಗೋಲಿ ಎಂಜಿನ್ ಮಾಡುವವರು ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನ ಟ್ಯೂಬನ್ನೇ ತನ್ನಿ, ಕನ್ನಡಕ ಹಾಕಿಕೊಂಡೇ ಕೂರಿ.

ಎರಡು, ಮೂರನೇ ವಾರ

ತೂಗಾಡುವುದು ಸಾಕು, ಚಕ್ರ ತಿರುಗಬೇಕು ಅನ್ನಿಸಿತು. ಪಿಸ್ಟನ್‌ಗೆ ಅದೇ ಸಿರಿಂಜ್. ಗೋಲಿಗಳ ಕೆಲಸಕ್ಕೆ ಕೊಂತ, ಅಂದರೆ ಡಬ್ಬಿಯೊಳಗೆ ಮೇಲೆ ಕೆಳಗೆ ಓಡಾಡುವ ಇನ್ನೊಂದು ದಿಂಡು. ಅದು ಗಾಳಿಯನ್ನು ಅತ್ತಿತ್ತ ದಾಟಿಸುತ್ತದೆ ಅಷ್ಟೇ, ಎಂಜಿನ್ನಿಗೆ ಬಲ ಕೊಡುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಎಸ್.ಪಿ. ರಸ್ತೆಯಲ್ಲಿ ಕೊಂಡು ಬಿಚ್ಚಿದೆ. ಒಳಗಿನ 95 ಮಿ.ಮೀ. ತಟ್ಟೆಯೇ ಫ್ಲೈವೀಲ್, ಅಂದರೆ ಓಟವನ್ನು ಒಂದೇ ಸಮ ಇಡುವ ಚಕ್ರ. ಬೇರಿಂಗ್ ಕೂಡ ಅದರಲ್ಲೇ ಸಿಕ್ಕಿತು, ಬೆಣ್ಣೆಯ ಹಾಗೆ ತಿರುಗುತ್ತದೆ.

ಹೊರಗಿನ ಡಬ್ಬಿಯನ್ನು ಮಾತ್ರ ದುಡ್ಡು ಉಳಿಸಲು ತಗಡಿನಲ್ಲಿ ಮಾಡಿ, ತಳವನ್ನು ಬೆಸುಗೆ ಹಾಕಿದೆ. ಎಲೆಕ್ಟ್ರಾನಿಕ್ಸ್ ಬೆಸುಗೆ 190 ಡಿಗ್ರಿಯ ಹೊತ್ತಿಗೆ ನೀರಾಗುತ್ತದೆ ಅಂತ ಗೊತ್ತಿದ್ದೂ ಹಾಕಿದೆ! ನಾಲ್ಕು ನಿಮಿಷಕ್ಕೆ ತಳ ದೀಪದ ಮೇಲೆ ಬಿತ್ತು.

ಸಮಾಧಾನಕ್ಕೆ ಒಂದು ಮಾತು. ಈ ಬಗೆಯ ಎಂಜಿನ್ ಕಂಡುಹಿಡಿದ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲೇ ಪೇಟೆಂಟ್ ಪಡೆದಿದ್ದರು. 1818ರಲ್ಲಿ ಅವರ ಎಂಜಿನ್ ಒಂದು ಕಲ್ಲುಗಣಿಯಲ್ಲಿ ನೀರೆತ್ತಿತು. ಆಮೇಲೆ ತಮ್ಮ ಜೇಮ್ಸ್ ಜೊತೆ ಸೇರಿ ಮಾಡಿದ ದೊಡ್ಡ ಎಂಜಿನ್ 1843ರಿಂದ ಡಂಡೀ ಊರಿನ ಫೌಂಡ್ರಿಯಲ್ಲಿ ಓಡಿತು. 1847ರಲ್ಲಿ ನಿಂತಿತು. ಕಾರಣ, ಬೆಂಕಿಗೆ ಒಡ್ಡಿದ ಸಿಲಿಂಡರುಗಳು ಮತ್ತೆ ಮತ್ತೆ ಹಾಳಾಗುತ್ತಿದ್ದವು. ಪಾದ್ರಿಗಳನ್ನೂ ಬಿಸಿ ತುದಿಯೇ ಕಾಡಿತ್ತು ಅಲ್ವಾ!

ನಾಲ್ಕನೇ ವಾರ

ಮತ್ತೆ ಟೆಸ್ಟ್ ಟ್ಯೂಬ್‌ಗೇ ಬಂದೆ. ಈ ಸಲ 25 ಮಿ.ಮೀ. ದಪ್ಪದ್ದು, ನೆಟ್ಟಗೆ ನಿಲ್ಲಿಸಿದ್ದು, ದೀಪ ಕೆಳಗೆ. ಮೇಲಿನ ಬಾಯಿಗೆ ಅಲ್ಯೂಮಿನಿಯಂ ಟೋಪಿ, ಅದರ ನಡುವೆ 2 ಮಿ.ಮೀ. ತೂತಿನ ಹಿತ್ತಾಳೆ ಬುಷ್, ಅಂದರೆ ಕಡ್ಡಿ ಜಾರಲು ಸಣ್ಣ ಕೊಳವೆ. ಲೇತ್ ಮೇಸ್ತ್ರಿ ತಿರುಗಿಸಿ ಕೊಟ್ಟರು. “ಏನ್ ಸಾರ್ ಇದು, ಪಂಪಾ?” ಅಂದರು. ಎಂಜಿನ್ ಅಂದೆ. “ಪೆಟ್ರೋಲ್ ಎಲ್ಲಿ ಹಾಕ್ತೀರಾ?” ಅಂತ ಕೇಳಿ ನಕ್ಕರು.

ಬುಷ್‌ನಲ್ಲಿ ಜಾರುವ ಕಡ್ಡಿ ಸೈಕಲ್ಲಿನ ಸ್ಪೋಕ್. ಅದರ ಕೆಳತುದಿಗೆ ಸ್ಟೀಲ್ ವೂಲ್ ಸಡಿಲವಾಗಿ ಸುತ್ತಿದರೆ ಕೊಂತ ತಯಾರು. ಗಾಳಿ ಅದರ ಎಳೆಗಳ ನಡುವೆ ಹಾದು ಮೇಲೆ ಹೋಗುವಾಗ ಬಿಸಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ, ಕೆಳಗೆ ಬರುವಾಗ ವಾಪಸ್ ಎತ್ತಿಕೊಳ್ಳುತ್ತದೆ. ಸ್ಟರ್ಲಿಂಗರ ಪೇಟೆಂಟಿನ ತಿರುಳೇ ಈ ಉಳಿತಾಯದ ಉಪಾಯ. ನನಗೆ ಪುಕ್ಕಟೆ ಸಿಕ್ಕಿತು.

ಸೋರಿಕೆ ಹುಡುಕಿದ್ದು ಪಂಕ್ಚರ್ ಅಂಗಡಿಯ ರೀತಿಯಲ್ಲೇ, ಬಕೆಟ್ ನೀರಿನಲ್ಲಿ ಮುಳುಗಿಸಿ. ಎರಡು ಕಡೆ ಗುಳ್ಳೆ ಬಂತು, ಎಪಾಕ್ಸಿ ಅಂಟು ಹಚ್ಚಿದೆ. ಸಿರಿಂಜಿಗೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟಿದ್ದು ಮಾತ್ರ ದಡ್ಡತನ. ಪಿಸ್ಟನ್ ಅಂಟಿಕೊಂಡಿತು. ಗಾಜಿನ ಸಿರಿಂಜ್ ಒಣಗಿಯೇ ಓಡಬೇಕು. ಸ್ಪಿರಿಟ್‌ನಲ್ಲಿ ತೊಳೆದ ಮೇಲೆ, ಮೂತಿಯನ್ನು ಬೆರಳಲ್ಲಿ ಮುಚ್ಚಿ ನೆಟ್ಟಗೆ ಹಿಡಿದರೆ ಪಿಸ್ಟನ್ ನಿಧಾನವಾಗಿ ಇಳಿಯುತ್ತದೆ. ಅಷ್ಟಾದರೆ ಸರಿ.

ಐದನೇ ವಾರ, ಶನಿವಾರ

ಕೊಂತ, ಪಿಸ್ಟನ್‌ಗಿಂತ ಕಾಲು ಸುತ್ತು ಮುಂದಿರಬೇಕು, 90 ಡಿಗ್ರಿ. ಹಾಗೇ ಜೋಡಿಸಿ ದೀಪ ಹಚ್ಚಿ ಚಕ್ರವನ್ನು ಬಲಕ್ಕೆ ತಿರುಗಿಸಿದೆ. ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ನಿಂತಿತು. ಅರ್ಧ ಗಂಟೆ ಹೀಗೇ. ಬೇಸತ್ತು ಸುಮ್ನೆ ಎಡಕ್ಕೆ ತಳ್ಳಿದೆ. ಟಕ ಟಕ ಟಕ ಅಂತ ಓಡಿತು! ಎಡಕ್ಕೆ ತಿರುಗಿದರೆ ಕೊಂತ ಮುಂದೆ, ಬಲಕ್ಕೆ ತಿರುಗಿದರೆ ಹಿಂದೆ. ನಾನು ಅದನ್ನು ಹಿಂದಕ್ಕೆ ಓಡಿಸಲು ಒದ್ದಾಡಿದ್ದೆ.

ಖುಷಿ ಎರಡೇ ನಿಮಿಷ. ನಿಧಾನವಾಗುತ್ತಾ ನಿಂತೇ ಬಿಟ್ಟಿತು. ಬತ್ತಿ ಏರಿಸಿದೆ, ಎರಡನೇ ದೀಪ ಇಟ್ಟೆ. ಇನ್ನೂ ಬೇಗ ನಿಂತಿತು. ಬೆಂಕಿ ಜಾಸ್ತಿಯಾದಷ್ಟೂ ಓಟ ಕಡಿಮೆ. ಇದೇನಪ್ಪಾ ಅಂತ ತಲೆ ಕೆರೆದುಕೊಂಡೆ.

ಅಮ್ಮ ಬಂದು ಟೋಪಿ ಮುಟ್ಟಿ ಕೈ ಎಳೆದುಕೊಂಡರು. “ಇದಕ್ಕೆ ಜ್ವರ ಕಣೋ. ನೆತ್ತಿಗೆ ಒದ್ದೆ ಬಟ್ಟೆ ಹಾಕು.”

ತಮಾಷೆಗೇ ಹಾಕಿದೆ. ಟೋಪಿಗೆ ಮಾತ್ರ ಸುತ್ತಿದೆ, ಬಿಸಿ ಗಾಜಿಗೆ ತಾಗಿದರೆ ಸೀಳುತ್ತದೆ. ಚಕ್ರವನ್ನು ಬೆರಳಿಂದ ತಟ್ಟಿದೆ. ಮತ್ತೆ ಓಡಿತು, ಬಟ್ಟೆ ಒಣಗುವವರೆಗೂ ಓಡಿತು. ನಾನು ಐದು ವಾರ ಬಿಸಿ ತುದಿಯನ್ನೇ ನೋಡುತ್ತಿದ್ದೆ. ಎಂಜಿನ್‌ಗೆ ಬೇಕಿದ್ದದ್ದು ಎರಡು ತುದಿಗಳ ನಡುವಿನ ಅಂತರ. ಟೋಪಿ ಕಾದಷ್ಟೂ ಒಳಗಿನ ಗಾಳಿ ಕುಗ್ಗುವುದು ಕಡಿಮೆ. ಕುಗ್ಗದಿದ್ದರೆ ಪಿಸ್ಟನ್ ಇಳಿಯುವುದು ಹೇಗೆ?

ಆರನೇ ವಾರ

ಎರಡು ಬದಲಾವಣೆ ಮಾಡಿದೆ. ದೀಪದ ಬಿಸಿ ಟ್ಯೂಬಿನ ಪಕ್ಕದಲ್ಲೇ ಏರಿ ಟೋಪಿಗೆ ಬಡಿಯುತ್ತಿತ್ತು. ನಡುವೆ ತೂತು ಕೊರೆದ ತಗಡೊಂದನ್ನು ಅಡ್ಡ ಇಟ್ಟೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಟೋಪಿಯ ಸುತ್ತ ಅಂಟಿಸಿ ನೀರು ತುಂಬಿದೆ. ಈಗ ದೀಪದ ಸ್ಪಿರಿಟ್ ಮುಗಿಯುವವರೆಗೂ ನಿಲ್ಲುವುದಿಲ್ಲ.

ವೇಗ ಅಳೆಯಲು ಚಕ್ರಕ್ಕೆ ಬಿಳಿ ಚುಕ್ಕೆ ಇಟ್ಟು, ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ವಿಡಿಯೊ ತೆಗೆದೆ. ಒದ್ದೆ ಬಟ್ಟೆಯ ಕಾಲದಲ್ಲಿ ಒಂದು ಸುತ್ತಿಗೆ 48 ಚಿತ್ರ, ಅಂದರೆ ನಿಮಿಷಕ್ಕೆ 300 ಸುತ್ತು. ಈಗ 36 ಚಿತ್ರ, 400 ಸುತ್ತು. ಸಿರಿಂಜಿನ ಪೈಪನ್ನು ಗಿಡ್ಡ ಮಾಡಿದ ಮೇಲೆ 32 ಚಿತ್ರ, 450.

ಮನೆಯವರ ಪ್ರಶ್ನೆ ಒಂದೇ, ಇದರಿಂದ ಏನುಪಯೋಗ? ಕರೆಂಟು ಇಲ್ಲದ ಕಾಲದಲ್ಲಿ ಸೀಮೆಎಣ್ಣೆ ದೀಪದಿಂದ ಓಡುವ ಇಂಥದೇ ಎಂಜಿನ್ ಫ್ಯಾನುಗಳು ನಮ್ಮ ದೇಶಕ್ಕೂ ಬರುತ್ತಿದ್ದವು ಅಂದೆ. “ಸೆಕೆಗೆ ಫ್ಯಾನು, ಫ್ಯಾನಿನ ಕೆಳಗೆ ಬೆಂಕಿ, ಚೆನ್ನಾಗಿದೆ” ಅಂದರು ಅಮ್ಮ. ಆದರೂ ಮುಂದಿನ ವಾರ ಚಕ್ರಕ್ಕೆ ರಟ್ಟಿನ ರೆಕ್ಕೆ ಕಟ್ಟುವವನಿದ್ದೇನೆ. ಅದಕ್ಕೂ ಮೊದಲು ನೀರಿನ ಬಟ್ಟಲ ಅಂಟು ಸರಿ ಮಾಡಬೇಕು, ನಿನ್ನೆಯಿಂದ ಹನಿ ಜಿನುಗುತ್ತಿದೆ.