ಲೋಟಕ್ಕೊಂದು ಮಣೆ

ಮನೆಯಲ್ಲಿ ಯಾರಾದರೂ ಒಬ್ಬರ ಲೋಟದ ತಳ ಅಳೆದುಕೊಂಡು ಬನ್ನಿ ಅಂತ ಎಂಟನೇ ತರಗತಿಯ ಮಕ್ಕಳಿಗೆ ಹೇಳಿದ್ದೆ. ಮುಂದಿನ ಶನಿವಾರ ಇಪ್ಪತ್ತೆರಡು ಮಕ್ಕಳು ಇಪ್ಪತ್ತೆರಡು ಅಳತೆ ತಂದರು. ಚಹಾ ಕುಡಿಯುವ ಗಾಜಿನ ಲೋಟ 5 ಸೆಂ.ಮೀ. ಸ್ಟೀಲ್ ಲೋಟ 6. ಕಷಾಯದ ದೊಡ್ಡ ಲೋಟ 7. ಒಬ್ಬ ಹುಡುಗ ಅಪ್ಪನ ತಾಮ್ರದ ಚೊಂಬನ್ನೇ ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದು ತಂದಿದ್ದ.

ನಾನು ಶಿರಸಿಯಲ್ಲಿ ಚಿತ್ರಕಲೆ ಶಿಕ್ಷಕಿ. ಶನಿವಾರ ಎರಡು ಪಿರಿಯಡ್ ಡಿಸೈನ್ ಕ್ಲಾಸು. ಮರದ ಕೋಸ್ಟರ್ ಮಾಡೋಣ ಅಂದಾಗ ಅದೇನು ಅಂತ ವಿವರಿಸಬೇಕಾಯಿತು. ಅರ್ಧ ಹೇಳುವಷ್ಟರಲ್ಲಿ ಒಬ್ಬಳು, "ಅಂದ್ರೆ ಲೋಟ ಕೂರೋ ಮಣೆ ಅಲ್ವಾ ಅಕ್ಕೋರೆ?" ಅಂದಳು. ಆಮೇಲೆ ನಮ್ಮ ಕ್ಲಾಸಿನಲ್ಲಿ ಯಾರೂ ಕೋಸ್ಟರ್ ಅನ್ನಲಿಲ್ಲ. ಎಲ್ಲರಿಗೂ ಅದು ಮಣೆಯೇ.

ಮೊದಲ ಸಲ ಅಕೇಶಿಯಾ ಟೊಂಗೆ ತಂದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಬಿದ್ದ ಟೊಂಗೆ ಅದು. ಅಡ್ಡಕ್ಕೆ ಕೊಯ್ದು ಬಿಲ್ಲೆ ಮಾಡಿಸಿದೆವು. ಸುತ್ತ ತೊಗಟೆ, ನಡುವೆ ಉಂಗುರ, ನೋಡೋಕೆ ತುಂಬ ಚಂದ. ಜಗುಲಿಯ ಬಿಸಿಲಿಗೆ ಸಾಲಾಗಿ ಇಟ್ಟು ಮನೆಗೆ ಹೋದೆವು. ಸೋಮವಾರ ಬಂದು ನೋಡಿದರೆ ಹದಿನೇಳು ಬಿಲ್ಲೆ ಸೀಳು ಬಿಟ್ಟಿದ್ದವು. ಅಂಚಿನಿಂದ ತಿರುಳಿನವರೆಗೆ, ಹೋಳಿಗೆಯಿಂದ ತುಂಡು ತೆಗೆದ ಹಾಗೆ. ಮಕ್ಕಳ ಮುಖ ನೋಡಲು ನನಗೆ ಕಷ್ಟವಾಯಿತು. ಹಸಿ ಮರ ಕೊಟ್ಟವಳು ನಾನೇ.

ಶಾಲೆಯ ಹತ್ತಿರ ಬಾಗಿಲು ಕಿಟಕಿ ಮಾಡುವ ಆಚಾರಿಯೊಬ್ಬರಿದ್ದಾರೆ. ಅವರು ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮಕ್ಕಳಿಗೆ ತೋರಿಸಿದರು. ಒಣಗುವಾಗ ಮರ ಕುಗ್ಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ಉಂಗುರದ ಸುತ್ತಲೂ ಅದರ ಸುಮಾರು ಎರಡು ಪಟ್ಟು. ಸುತ್ತು ಹೆಚ್ಚು ಬಿಗಿಯಾಗುತ್ತದೆ, ಒಳಗಿನ ಮರ ಅಷ್ಟು ಕುಗ್ಗಿ ಜಾಗ ಬಿಡುವುದಿಲ್ಲ. ಮತ್ತೆ ಸೀಳದೆ ಇರುತ್ತದಾ? ಚೆನ್ನಾಗಿ ಒಣಗಿದ ಹಲಗೆ ಹುಡುಕಿ ಅಂದರು.

ಹಲಗೆ ತಂದವಳು ಮಣೆ ಅಂತ ಹೆಸರಿಟ್ಟ ಆ ಹುಡುಗಿಯೇ. ಅವರ ಮನೆಯ ಅಟ್ಟದಲ್ಲಿ ಹಳೇ ಬಾಗಿಲಿನ ಹಲಸಿನ ಹಲಗೆ ಇತ್ತಂತೆ. ಹೊಗೆ ಹಿಡಿದು ಕಪ್ಪಾಗಿತ್ತು. ಆಚಾರಿ ತೋಪಡದಿಂದ ಮೇಲ್ಮೈ ಹೆರೆದ ಕೂಡಲೇ ಒಳಗಿಂದ ಅರಿಶಿನದ ಬಣ್ಣ ಬಂತು. ಮಕ್ಕಳು ಓ ಅಂತ ಕೂಗಿದರು. ಮಿಷನ್ನಿನಲ್ಲಿ ಕೊಯ್ಯುವ ಕೆಲಸ ಅವರದ್ದು. ಉಜ್ಜುವ ಕೆಲಸ ನಮ್ಮದು. ಮೊದಲು ಒರಟಾದ 80ರ ಸ್ಯಾಂಡ್ ಪೇಪರ್, ಆಮೇಲೆ 120, ಕೊನೆಗೆ ನಯವಾದ 220. ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಎರಡು ಶನಿವಾರ ಕ್ಲಾಸಿನ ತುಂಬ ಹಳದಿ ಪುಡಿ. ಎಲ್ಲರ ಮೂಗಿಗೂ ಕರವಸ್ತ್ರ.

ಚಿತ್ರಕ್ಕಾಗಿ ಮಾರಿಕಾಂಬಾ ದೇವಸ್ಥಾನಕ್ಕೆ ಹೋದೆವು. ಅಲ್ಲಿನ ಕಾವಿ ಕಲೆ ಹತ್ತಿರದಿಂದ ನೋಡಿ ಅಂದೆ. ಬಿಳಿ ಗಾರೆಯ ಮೇಲೆ ಕೆಂಪು ಕಾವಿ, ಎರಡೇ ಬಣ್ಣ. ದಿನಾ ಅದೇ ದಾರಿಯಲ್ಲಿ ಓಡಾಡುವ ಮಕ್ಕಳು ಅವತ್ತು ಗೋಡೆ ಬಿಟ್ಟು ಏಳಲಿಲ್ಲ. ವಾಪಸ್ ಬಂದು ಕೈವಾರದಲ್ಲಿ ಆರು ಎಸಳಿನ ಹೂವು, ಬಳ್ಳಿ, ಎಲ್ಲ ಬರೆದರು. ಕಾದ ಸೋಲ್ಡರಿಂಗ್ ಕಡ್ಡಿಯಿಂದ ಅದನ್ನೇ ಮರದ ಮೇಲೆ ಸುಟ್ಟು ಮೂಡಿಸಿದರು.

ಹಲಗೆ ತಂದ ಹುಡುಗಿಯ ಮಣೆಯಲ್ಲಿ ಮಾತ್ರ ಏನೂ ಇರಲಿಲ್ಲ. ಬೇರೆಯವರದ್ದು 10 ಸೆಂ.ಮೀ. ಅಗಲ, ಅವಳದ್ದು 12. ನಡುವೆ ಉಳಿಯಿಂದ ಗುಳಿ ತೆಗೆದು, ಸುತ್ತ ದಪ್ಪ ಅಂಚು ಉಳಿಸಿದ್ದಳು. ಒಂದು ಹೂವಾದರೂ ಬರಿ ಅಂದೆ.

"ಅಜ್ಜಂಗೆ ಕಣ್ಣು ಸರಿಯಾಗಿ ಕಾಣೋದಿಲ್ಲ ಅಕ್ಕೋರೆ. ಕೈ ಬೇರೆ ನಡುಗ್ತದೆ. ಬೆರಳಿಗೆ ಅಂಚು ಸಿಕ್ಕರೆ ಸಾಕು."

ಅಜ್ಜ ದಿನಾ ಸಂಜೆ ಕಷಾಯದ ಲೋಟವನ್ನು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಡುವಾಗ ತಡಕಾಡುತ್ತಾರಂತೆ. ಎಷ್ಟೋ ಸಲ ಚೆಲ್ಲಿದೆಯಂತೆ. ಅವಳು ಅಳೆದಿದ್ದು ಲೋಟವನ್ನಷ್ಟೇ ಅಲ್ಲ, ಅಜ್ಜನ ಕೈ ಎಷ್ಟು ಆಚೀಚೆ ಹೋಗುತ್ತದೆ ಅನ್ನುವುದನ್ನೂ. ನಾನು ಬೋರ್ಡಿನ ಮೇಲೆ ಚಿತ್ರಕ್ಕೆ 10 ಅಂಕ ಅಂತ ಬರೆದಿದ್ದೆ. ಅದನ್ನು ಅಳಿಸಿ, ಯಾರಿಗಾಗಿ ಮಾಡಿದಿರೋ ಅವರಿಗೆ ಒಪ್ಪಿದರೆ 10 ಅಂಕ ಅಂತ ಬರೆದೆ.

ಕೊನೆಗೆ ಅಗಸೆ ಎಣ್ಣೆ, ಅದರ ಮೇಲೆ ಜೇನುಮೇಣ. ಮಣೆಯ ಮೇಲೂ ಕೆಳಗೂ ಹಚ್ಚಬೇಕು. ಒಂದೇ ಕಡೆ ಹಚ್ಚಿದರೆ ಇನ್ನೊಂದು ಕಡೆಯಿಂದ ತೇವ ಬೇಗ ಹೀರಿ ಹಲಗೆ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲು ಬಿಡಲಿಲ್ಲ. ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದಕ್ಕೆ ಒಂದೊಂದನ್ನೂ ಬಿಡಿಸಿ ಹೊರಗೆ ಹರಡಿದೆವು.

ಮಣೆಗಳು ಮನೆಗೆ ಹೋದವು. ಮುಂದಿನ ಶನಿವಾರ ಅವಳು ತನ್ನದನ್ನು ಚೀಲದಲ್ಲಿ ವಾಪಸ್ ತಂದಳು. ಅಜ್ಜನಿಗೆ ಅಂಚು ಸಿಕ್ಕಿತ್ತು, ಕಷಾಯ ಚೆಲ್ಲಿರಲಿಲ್ಲ. ಆದರೆ ಲೋಟದ ತಳ ಒದ್ದೆ ಇದ್ದರೆ, ಎತ್ತುವಾಗ ಮಣೆಯೂ ಅಂಟಿಕೊಂಡು ಬರುತ್ತದಂತೆ. ಒಮ್ಮೆ ಅರ್ಧ ದಾರಿಯಲ್ಲಿ ಬಿಟ್ಟು ಅಜ್ಜನ ಕಾಲ ಮೇಲೆ ಬಿತ್ತಂತೆ. ಗುಳಿ ಅಷ್ಟು ನುಣುಪಾಗಿತ್ತು.

ಇಬ್ಬರೂ ಕಿಟಕಿಯ ಹತ್ತಿರ ಕೂತು ಯೋಚಿಸಿದೆವು. ನೀರು ಹರಿಯೋಕೆ, ಗಾಳಿ ಒಳಗೆ ಹೋಗೋಕೆ ದಾರಿ ಇರಬೇಕು ಅಂದಳು. ಗುಳಿಯೊಳಗೆ ಪೆನ್ಸಿಲ್‌ನಲ್ಲಿ ಮೂರು ಗೆರೆ ಎಳೆದಳು. ನಾನು ಮಣೆಯನ್ನು ಬೆಂಚಿಗೆ ಒತ್ತಿ ಹಿಡಿದೆ. ಅವಳು ಸಣ್ಣ ಉಳಿ ತೆಗೆದುಕೊಂಡು ಮೊದಲ ಗೆರೆಯ ಮೇಲೆ ನಿಧಾನಕ್ಕೆ ಕೊರೆಯತೊಡಗಿದಳು.