ಬಿಳಿ ಬಣ್ಣ ಬಳಿದ ಬ್ರೇಕು

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಕೇಳೋ, ಬ್ರೇಕಿಗೆ ಯಾಕಂತೆ ಬಣ್ಣ?"

ಕೇಳಿದ್ದು ಅಪ್ಪ. ಕ್ಯಾಲಿಫೋರ್ನಿಯಾದ ಪೊಮೋನಾ ಊರಿನ ಹಳೇ ಕಾರುಗಳ ಸಂತೆಯಲ್ಲಿ, 1932ರ ಫೋರ್ಡ್ ರೋಡ್‌ಸ್ಟರ್ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು. ಮಡ್‌ಗಾರ್ಡ್ ಕಿತ್ತುಹಾಕಿದ ಕಾರು. ಹಾಗಾಗಿ ಮುಂದಿನ ಚಕ್ರದ ಹಿಂಬದಿಯಲ್ಲಿ ಬ್ರೇಕ್ ಶೂಗಳನ್ನು ಹೊತ್ತಿರುವ ತಟ್ಟೆ ಬಯಲಿಗೆ ಬಿದ್ದಿತ್ತು. ಅದಕ್ಕೆ ಕುಂಕುಮದಷ್ಟು ಕೆಂಪು ಬಳಿದಿದ್ದರು.

ಸಕಲೇಶಪುರದಲ್ಲಿ ಅಪ್ಪನ ಗ್ಯಾರೇಜು ಮೂವತ್ತು ವರ್ಷ ನಡೆಯಿತು. ಕಾಫಿ ತೋಟದ ಜೀಪುಗಳು, ಅಂಬಾಸಿಡರ್ ಟ್ಯಾಕ್ಸಿಗಳು. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಗಾಡಿಯನ್ನು ಬ್ರೇಕ್ ನೋಡದೆ ಅವರು ಬಿಟ್ಟವರಲ್ಲ. ಆಯುಧಪೂಜೆಯ ದಿನ ಜ್ಯಾಕಿಗೆ, ಸ್ಪ್ಯಾನರಿಗೆ, ಟೈರಿಗೆ, ಬಾನೆಟ್ಟಿಗೆ ಎಲ್ಲಕ್ಕೂ ಕುಂಕುಮ ಇಡುತ್ತಿದ್ದರು. ಬ್ರೇಕಿಗೆ ಇಟ್ಟದ್ದನ್ನು ಮಾತ್ರ ನಾನು ನೋಡಿಲ್ಲ. ಚಕ್ರದೊಳಗೆ ಅಡಗಿ ಕೂತದ್ದು ಯಾರ ಕಣ್ಣಿಗೆ ಬೀಳುತ್ತದೆ?

ಕಾರಿನ ಯಜಮಾನರು ಎಂಬತ್ತು ದಾಟಿದವರು. ಅಪ್ಪನ ಪ್ರಶ್ನೆಯನ್ನು ಅವರಿಗೆ ಇಂಗ್ಲಿಷಿನಲ್ಲಿ ದಾಟಿಸಿದೆ. ಚಂದಕ್ಕೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಅಂದದ್ದು ಇಷ್ಟು: "ಸೋರಿದರೆ ಕಾಣಲಿ ಅಂತ."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು. "ಮುಟ್ಟಬಹುದಾ ಕೇಳು" ಅಂದರು. ತಟ್ಟೆಯ ಹಿಂಭಾಗದಲ್ಲಿ, ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಕೂರುವ ಜಾಗದ ಕೆಳಗೆ, ತೋರುಬೆರಳು ಎಳೆದು ಮೂಸಿ ನೋಡಿದರು. ಯಜಮಾನರು ನಕ್ಕರು, ಅಪ್ಪ ತಲೆಯಾಡಿಸಿದರು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಸಿಲಿಂಡರಿನ ರಬ್ಬರ್ ಸವೆದು ಒಂದು ಹನಿ ಜಿನುಗಿದರೂ ಅಲ್ಲಿನ ಬಣ್ಣ ಉಬ್ಬಿ ಸಿಪ್ಪೆ ಏಳುತ್ತದೆ. ಬರೀ ಕಬ್ಬಿಣದ ಮೇಲೆ ಆ ಹನಿ ಧೂಳಿನ ಜೊತೆ ಸೇರಿ ಕರಿ ಮಸಿಯಾಗಿ ಮರೆಯಾಗಿಬಿಡುತ್ತದೆ. ಇಬ್ಬರಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಕಾರಿನ ಮೈಯಲ್ಲೇ ಒಂದು ಇತಿಹಾಸ ಇದೆ. 1932ರ ಫೋರ್ಡಿಗೆ ಹುಟ್ಟಿನಿಂದ ಬಂದದ್ದು ಮೆಕ್ಯಾನಿಕಲ್ ಬ್ರೇಕು, ಅಂದರೆ ಪೆಡಲಿನಿಂದ ಚಕ್ರದವರೆಗೆ ಸರಳುಗಳು. ಹೊಸ ವಿ8 ಎಂಜಿನ್ನಿಗೆ ಆ ಕಾಲಕ್ಕೆ ಒಳ್ಳೆಯ ಶಕ್ತಿ ಇತ್ತು, ನಿಲ್ಲಿಸುವ ಶಕ್ತಿ ಅದಕ್ಕೆ ತಕ್ಕಂತಿರಲಿಲ್ಲ. ಫೋರ್ಡ್ ಹೈಡ್ರಾಲಿಕ್ ಬ್ರೇಕಿಗೆ, ಅಂದರೆ ಸರಳಿನ ಬದಲು ಆಯಿಲ್ ಒತ್ತಡದ ಬ್ರೇಕಿಗೆ, ಬಂದದ್ದು 1939ರಲ್ಲಿ, ಬೇರೆ ಕಂಪನಿಗಳಿಗಿಂತ ಎಷ್ಟೋ ತಡವಾಗಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯಲ್ಲಿ ಸಿಕ್ಕ ಆ 1939ರ ನಂತರದ ಬ್ರೇಕುಗಳನ್ನು ಬಿಚ್ಚಿ ತಂದು ಹಳೆಯ ರೋಡ್‌ಸ್ಟರುಗಳಿಗೆ ಕೂರಿಸಿದರು. ತೂಕ ಇಳಿಸಲು ಮಡ್‌ಗಾರ್ಡ್ ಕಿತ್ತರು. ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ಅವರ ಕ್ಲಬ್ಬುಗಳು ಒಟ್ಟು ಸೇರಿ ಸಂಘ ಕಟ್ಟಿದ್ದು 1937ರಲ್ಲಿ. ಮಡ್‌ಗಾರ್ಡ್ ಹೋದ ಮೇಲೆ ಬ್ರೇಕು ತಾನಾಗಿ ಕಾಣತೊಡಗಿತು. ಕಂಡದ್ದಕ್ಕೆ ಬಣ್ಣ ಬಿತ್ತು. ಈ ಪದ್ಧತಿಗೆ ಒಬ್ಬ ಮೂಲಪುರುಷ ಇಲ್ಲ. ನೂರಾರು ಶೆಡ್ಡುಗಳಲ್ಲಿ ನೂರಾರು ಕೈಗಳು ಚಕ್ರಕ್ಕೆ ಬಳಿದು ಉಳಿದ ಡಬ್ಬಿಯಲ್ಲಿ ಬ್ರಷ್ ಅದ್ದಿವೆ ಅಂತ ನನ್ನ ನಂಬಿಕೆ.

ವಾಪಸು ಹೊರಟಾಗ ಪಾರ್ಕಿಂಗಿನಲ್ಲಿ ಇನ್ನೊಂದು ಕಾಲ ನಿಂತಿತ್ತು. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್ಸ್ ರೇಸ್ ಗೆದ್ದಿತು. 1965ರಲ್ಲಿ ಕಾರ್ವೆಟ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬಂತು. ಆಮೇಲೆ ಅಲಾಯ್ ಚಕ್ರಗಳ ಕಡ್ಡಿಗಳ ನಡುವೆ ಕಿಂಡಿ ದೊಡ್ಡದಾಗುತ್ತ ಹೋಗಿ, ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಇಣುಕಿತು. 1990ರ ದಶಕದ ಪೋರ್ಷೆ 911 ಟರ್ಬೊದ ದೊಡ್ಡ ಕೆಂಪು ಕ್ಯಾಲಿಪರುಗಳನ್ನು ಕಂಡ ಮೇಲಂತೂ ಅದು ಎಲ್ಲರಿಗೂ ಬೇಕಾಯಿತು. ಆ ಕಂಪನಿ ಬಣ್ಣದಲ್ಲೇ ದರ್ಜೆ ಹೇಳುತ್ತದೆ: ಸೆರಾಮಿಕ್ ಬ್ರೇಕಿಗೆ ಹಳದಿ, 2017ರಿಂದ ಟಂಗ್‌ಸ್ಟನ್ ಕಾರ್ಬೈಡ್ ಲೇಪನದ ಡಿಸ್ಕಿಗೆ ಬಿಳಿ.

ಅಪ್ಪನಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಪಕ್ಕದಲ್ಲೇ ಒಂದು ಸಾಧಾರಣ ಕಾರು. ಕ್ಯಾಲಿಪರಿನ ಮೇಲೆ ಕೆಂಪು ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿದ್ದರು, ಅದರ ಮೇಲೆ ದೊಡ್ಡ ಬ್ರೇಕ್ ಕಂಪನಿಯ ಹೆಸರು. ಅಪ್ಪ ಬಗ್ಗಿ ನೋಡಿ, ಏನೂ ಅನ್ನದೆ ಮುಂದೆ ನಡೆದರು. ಆದರೆ ನನಗೆ ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ. ಬಡ ಹುಡುಗ ತನ್ನ ಸಾದಾ ಕ್ಯಾಲಿಪರನ್ನು ಉಜ್ಜಿ ತೊಳೆದು ಕೈಯಾರೆ ಕೆಂಪು ಬಳಿದುಕೊಂಡರೆ ಅದು ಅಕ್ಕರೆ. ಅವನು ಚಕ್ರ ಬಿಚ್ಚಿದ್ದಾನೆ, ಪ್ಯಾಡ್ ಎಷ್ಟು ಸವೆದಿದೆ ನೋಡಿದ್ದಾನೆ, ಪೈಪ್ ಬಿರುಕು ಬಿಟ್ಟಿದೆಯಾ ಮುಟ್ಟಿ ನೋಡಿದ್ದಾನೆ. ಮುಚ್ಚಳ ಹಾಕಿದವನು ಕಾಣಬೇಕಾದ್ದನ್ನೇ ಮುಚ್ಚಿದ್ದಾನೆ.

ಕಾರಿನಲ್ಲಿ ಕೂತ ಮೇಲೆ ಅಪ್ಪ ಅಂದರು: "ಆ ಯಜಮಾನರು ಕೆಂಪು ಬಳಿದಿದ್ದು ತಪ್ಪು. ಬಿಳಿ ಆಗಿದ್ರೆ ಇನ್ನೂ ಬೇಗ ಕಾಣ್ತಿತ್ತು."

ಅಪ್ಪ ಯಾರ ಕೆಲಸವನ್ನೂ ಸುಲಭಕ್ಕೆ ಹೊಗಳುವವರಲ್ಲ. ನನ್ನದನ್ನಂತೂ ಇಲ್ಲವೇ ಇಲ್ಲ. ಹದಿನೈದು ವರ್ಷದಿಂದ ಕಂಪ್ಯೂಟರಿನ ಮುಂದೆ ನಾನು ಏನು ಮಾಡುತ್ತೇನೆಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಮಂಗಳವಾರ ಸಂಜೆ ಬಿಡಿಭಾಗದ ಅಂಗಡಿಯಲ್ಲಿ ಕೆಂಪು, ಹಳದಿ, ನೀಲಿ ಡಬ್ಬಿಗಳ ಹಿಂದೆ ತಡಕಿ ಬಿಳಿಯದನ್ನು ತಂದೆ. ಬಿಸಿ ತಡೆಯುವ ಕ್ಯಾಲಿಪರ್ ಬಣ್ಣವೇ ಬೇಕು. ಗೋಡೆಗೆ ಹೊಡೆಯುವ ಸ್ಪ್ರೇ ಹಾಕಿದರೆ ಒಂದೇ ಇಳಿಜಾರಿಗೆ ಸುಟ್ಟು ಉದುರುತ್ತದೆ.

ನನ್ನ ಹಳೆಯ ಕೊರೊಲ್ಲಾಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಅಪ್ಪ ಬುಧವಾರ ಒಂದು ಚಕ್ರ, ನಿನ್ನೆ ಎರಡು ಬಿಚ್ಚಿಸಿದರು. ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿದರು. ರಬ್ಬರ್ ಪೈಪು, ಪಿಸ್ಟನ್ನಿನ ರಬ್ಬರು, ಡಿಸ್ಕಿನ ಮುಖ, ಎಲ್ಲಕ್ಕೂ ಪೇಪರ್ ಸುತ್ತಿ ಟೇಪ್ ಹಾಕಿದರು. ಅಲ್ಲಿಗೆ ಬಣ್ಣದ ಹನಿಯೂ ತಾಗಬಾರದು. ತೆಳುವಾಗಿ ಎರಡು ಕೈ ಬಳಿದರು.

ಬಣ್ಣಕ್ಕೆ ಮುಂಚೆ ಆಯಿಲ್ ನೋಡಿದ್ದರು. ಕರಿ ಕಾಫಿಯ ಹಾಗಿತ್ತು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿಯ ತೇವ ಹೀರುತ್ತ ಹೀರುತ್ತ ಅದು 140ಕ್ಕೆ ಇಳಿಯಬಹುದು. ಘಾಟಿಯಲ್ಲಿ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ನಾನು ಡಿಗ್ರಿ ಲೆಕ್ಕ ಹೇಳಿದ್ದಕ್ಕೆ, "ಅದು ಬಣ್ಣ ನೋಡಿದ್ರೇ ಗೊತ್ತಾಗುತ್ತಲ್ಲೋ" ಅಂದರು.

ಹಳೇ ಆಯಿಲ್ ಹೊರಹಾಕಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಎಂಟು ವರ್ಷದವನಿದ್ದಾಗ ಜೀಪುಗಳಲ್ಲಿ ಪೆಡಲ್ ಎಟುಕದೆ ಸೀಟಿನ ಅಂಚಿಗೆ ಜಾರಿ ಕೂರುತ್ತಿದ್ದೆ. ಚಕ್ರದ ಹತ್ತಿರದಿಂದ ಅದೇ ದನಿ ಬಂತು.

"ಒತ್ತು... ಹಿಡ್ಕೊ... ಹಿಡ್ಕೊ... ಬಿಡು."

ಇನ್ನೊಂದು ಚಕ್ರ ಉಳಿದಿದೆ. ಬಿಸಿಲು ಏರುವ ಮೊದಲು ಬಿಚ್ಚಬೇಕು ಅಂದಿದ್ದಾರೆ.